ಡರ್ಮಲ್ ಫಿಲ್ಲರ್: ಮುಖದ ಯಾವ ಜಾಗಕ್ಕೆ ಯಾವುದು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರ ಚರ್ಚೆ

ಓದುಗಿ_ಶಿರಾ:

ಇಲ್ಲಿ ಚರ್ಮದ ಡಾಕ್ಟರು, ಮೆಡಿಕಲ್ ಶಾಪಿನವರು, ಹಲ್ಲಿನ ಡಾಕ್ಟರು ಎಲ್ಲ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ವಯಸ್ಸು ನಲವತ್ತರ ಹತ್ತಿರ. ಕೆನ್ನೆ ಇಳಿದಿದೆ, ಮೂಗಿನ ಪಕ್ಕದಿಂದ ಬಾಯಿಯ ತುದಿವರೆಗೆ ಗೆರೆ ಬಿದ್ದಿದೆ, ಕಣ್ಣಿನ ಕೆಳಗೆ ಕಪ್ಪು. ಫಿಲ್ಲರ್ ಅಂದರೆ ಚರ್ಮದಡಿಗೆ ಚುಚ್ಚಿ ಕುಳಿ, ಗೆರೆ ತುಂಬಿಸುವ ವಸ್ತುವಂತೆ. ಒಂದು ಕಡೆ ಹಯಲುರಾನಿಕ್ ಆಸಿಡ್ 2 ಎಂ.ಎಲ್. ಬೇಕು ಅಂದರು. ಇನ್ನೊಂದು ಕಡೆ ಕ್ಯಾಲ್ಸಿಯಂ ಫಿಲ್ಲರ್ ಹಾಕೋಣ, ಹೆಚ್ಚು ದಿನ ಬರುತ್ತೆ ಅಂದರು. ಜಾಸ್ತಿ ಬಾಳಿಕೆ ಬರೋದನ್ನೇ ಆರಿಸಿದರೆ ಒಳ್ಳೇದಲ್ವಾ? ಈ ವಿಧಗಳಲ್ಲಿ ನಿಜವಾದ ವ್ಯತ್ಯಾಸ ಏನು?

ಚರ್ಮವೈದ್ಯೆ_ತುಮಕೂರು:

ಬಾಳಿಕೆ ನೋಡಿ ಆರಿಸೋಕೆ ಹೋಗಬೇಡಿ. ಹಾಕಿದ್ದು ಸರಿಹೋಗದಿದ್ದರೆ ಅದನ್ನು ಕರಗಿಸೋಕೆ ಬರುತ್ತದೆಯೇ ಅಂತ ಮೊದಲು ನೋಡಿ. ಆ ಲೆಕ್ಕದಲ್ಲಿ ಹಯಲುರಾನಿಕ್ ಆಸಿಡ್ ಒಂದು ಪಂಗಡ, ಉಳಿದವೆಲ್ಲ ಇನ್ನೊಂದು ಪಂಗಡ.

ಹಯಲುರಾನಿಕ್ ಆಸಿಡ್ ನಮ್ಮ ಚರ್ಮ, ಕೀಲು, ಕಣ್ಣಿನೊಳಗೆ ಸಹಜವಾಗಿಯೇ ಇರುವ, ನೀರು ಹಿಡಿದಿಟ್ಟುಕೊಳ್ಳುವ ಸಕ್ಕರೆ ಜಾತಿಯ ವಸ್ತು. ಹಾಗೇ ಚುಚ್ಚಿದರೆ ಕೆಲವೇ ದಿನಗಳಲ್ಲಿ ಮೈ ಅದನ್ನು ಒಡೆದುಹಾಕುತ್ತದೆ. ಅದಕ್ಕೇ ತಯಾರಿಸುವಾಗ ಎಳೆಗಳ ನಡುವೆ ರಾಸಾಯನಿಕ ಕೊಂಡಿ ಹಾಕಿ ಜೆಲ್ ಮಾಡುತ್ತಾರೆ; ಬಹುತೇಕ ಕಂಪನಿಗಳು ಬಳಸುವುದು ಬಿ.ಡಿ.ಡಿ.ಇ. ಎಂಬ ರಾಸಾಯನಿಕವನ್ನು. ತುಟಿಯಂಥ ಸದಾ ಆಡುವ ಜಾಗದಲ್ಲಿ ಇದು 6ರಿಂದ 12 ತಿಂಗಳು ನಿಲ್ಲುತ್ತದೆ. ಕೆನ್ನೆಯ ಮೂಳೆಯ ಮೇಲೆ ಆಳದಲ್ಲಿ ಇಟ್ಟ ಗಟ್ಟಿ ಜೆಲ್ ಒಂದೂವರೆ, ಎರಡು ವರ್ಷವೂ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಈ ಜಾತಿಯ ಮೊದಲ ಫಿಲ್ಲರ್ ರೆಸ್ಟಿಲೇನ್‌ಗೆ ಒಪ್ಪಿಗೆ ಕೊಟ್ಟದ್ದು 2003ರಲ್ಲಿ. ಅದಕ್ಕೂ ಮುಂಚೆ ಹಸುವಿನ ಕೊಲಾಜೆನ್, ಅಂದರೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್, ಚುಚ್ಚುತ್ತಿದ್ದರು. ಅಲರ್ಜಿ ಪರೀಕ್ಷೆ ಮಾಡಿ ವಾರಗಟ್ಟಲೆ ಕಾಯಬೇಕಿತ್ತು. ಹಯಲುರಾನಿಕ್‌ನ ದೊಡ್ಡ ಗುಣ ಅಂದರೆ ಹಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿದರೆ ಅದು ಕರಗುತ್ತದೆ. ಗಂಟೆಗಳಲ್ಲಿ ಶುರುವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಕ್ಯಾಲ್ಸಿಯಂ ಫಿಲ್ಲರ್ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸಿಲಾಪಟೈಟ್. ಮೂಳೆ, ಹಲ್ಲಿನಲ್ಲಿ ಇರುವ ಖನಿಜದ್ದೇ ರೂಪ. ರೇಡಿಯೆಸ್ ಈ ಜಾತಿಯದು. 25ರಿಂದ 45 ಮೈಕ್ರಾನ್ ಗಾತ್ರದ ಕಣಗಳು ಶೇ. 30, ಅವನ್ನು ಹೊತ್ತಿರುವ ಜೆಲ್ ಶೇ. 70. ಹಾಕಿದ ದಿನ ಮುಖ ತುಂಬಿ ಕಾಣುವುದು ಜೆಲ್‌ನಿಂದ. ಕೆಲವು ತಿಂಗಳಲ್ಲಿ ಅದು ಹೀರಿಹೋಗುತ್ತದೆ, ಕಣಗಳ ಸುತ್ತ ನಮ್ಮದೇ ಕೊಲಾಜೆನ್ ಬೆಳೆಯುತ್ತದೆ. ಒಂದು ವರ್ಷದ ಸುಮಾರು ಬಾಳಿಕೆ, ಕೆಲವರಲ್ಲಿ ಸ್ವಲ್ಪ ಹೆಚ್ಚು. ದವಡೆಯ ಅಂಚು, ಕೆನ್ನೆಯ ಆಳ, ಕೈಯ ಹಿಂಭಾಗಕ್ಕೆ ಒಳ್ಳೆಯದು. ತುಟಿಗೆ ಬೇಡವೇ ಬೇಡ, ಸ್ನಾಯು ಆಡಿದಂತೆಲ್ಲ ಕಣಗಳು ಒಂದೆಡೆ ಸೇರಿ ಬಿಳಿ ಗಂಟು ಆಗುತ್ತವೆ. ಕಣ್ಣಿನ ಕೆಳಗೂ ಬೇಡ. ಇದನ್ನು ಖಚಿತವಾಗಿ ಕರಗಿಸುವ ಮದ್ದು ಇಲ್ಲ.

ಪಾಲಿ ಎಲ್ ಲ್ಯಾಕ್ಟಿಕ್ ಆಸಿಡ್, ಅಂದರೆ ಸ್ಕಲ್ಪ್‌ಟ್ರಾ, ಪುಡಿಯ ರೂಪದಲ್ಲಿ ಬರುತ್ತದೆ. ಶುದ್ಧ ನೀರಿನಲ್ಲಿ ಕಲಸಿ ಚುಚ್ಚುತ್ತಾರೆ. ಆ ದಿನದ ಊತ ಒಂದು ವಾರದೊಳಗೆ ಇಳಿದು ಮುಖ ಮೊದಲಿನಂತೆಯೇ ಆಗುತ್ತದೆ, ದುಡ್ಡು ಹೋಯಿತು ಅಂತ ಗಾಬರಿಯಾಗುವವರು ಬಹಳ ಜನ. ಕೊಲಾಜೆನ್ ಬೆಳೆಯಲು ತಿಂಗಳುಗಳು ಬೇಕು. 4ರಿಂದ 6 ವಾರದ ಅಂತರದಲ್ಲಿ ಎರಡು ಮೂರು ಸಲ ಮಾಡಬೇಕು, ಆಮೇಲೆ ಎರಡು ವರ್ಷದಷ್ಟು ಬರುತ್ತದೆ. ಕಡಿಮೆ ನೀರಿನಲ್ಲಿ ಮಂದವಾಗಿ ಕಲಸಿದರೆ, ಚರ್ಮದ ಮೇಲ್ಪದರದಲ್ಲೇ ಚುಚ್ಚಿದರೆ ಗಂಟು ಗ್ಯಾರಂಟಿ. ಅದಕ್ಕೇ ಈಗ ಹಿಂದಿನ 5 ಎಂ.ಎಲ್. ಬದಲು 8 ಎಂ.ಎಲ್. ನೀರಿನ ಲೆಕ್ಕ ಬಂದಿದೆ. ಮನೆಯಲ್ಲಿ ದಿನಕ್ಕೆ 5 ಸಲ, ಸಲಕ್ಕೆ 5 ನಿಮಿಷ, 5 ದಿನ ತಿಕ್ಕಬೇಕು. ಈ ನಿಯಮ ಇದೊಂದಕ್ಕೆ ಮಾತ್ರ. ಹಯಲುರಾನಿಕ್ ಹಾಕಿಸಿಕೊಂಡವರು ಇದನ್ನು ಓದಿ ಕೆನ್ನೆ ತಿಕ್ಕಿದರೆ ಜೆಲ್ ಜಾಗ ಬಿಟ್ಟು ಸರಿಯುತ್ತದೆ.

ಕೊನೆಯದು ಜೀವನಪೂರ್ತಿ ಉಳಿಯುವವು: ಪಿ.ಎಂ.ಎಂ.ಎ. ಎಂಬ ಪ್ಲಾಸ್ಟಿಕ್ ಕಣಗಳು, ಪಾಲಿಅಕ್ರಿಲಮೈಡ್ ಜೆಲ್, ದ್ರವ ಸಿಲಿಕೋನ್. ಮುಖದ ಮೂಳೆ, ಕೊಬ್ಬು ವಯಸ್ಸಿನ ಜೊತೆ ಬದಲಾಗುತ್ತ ಹೋಗುತ್ತದೆ, ಇವು ಮಾತ್ರ ಇದ್ದಲ್ಲೇ ಇರುತ್ತವೆ. ಹತ್ತು ವರ್ಷದ ಮೇಲೂ ಸೋಂಕು, ಗಡ್ಡೆ ಎದ್ದದ್ದುಂಟು, ತೆಗೆಯಬೇಕಾದರೆ ಕೊಯ್ಯಲೇಬೇಕು. ಬರೀ ಅಂದಕ್ಕಾಗಿ ಇವುಗಳ ಹತ್ತಿರ ಹೋಗಬೇಡಿ.

ಮೊದಲ ಸಲ ಮಾಡಿಸುವವರಿಗೆ, ಅದರಲ್ಲೂ ಚಿಕಿತ್ಸೆ ಬೆಂಗಳೂರಲ್ಲಿ, ಮನೆ ಶಿರಾದಲ್ಲಿ ಅನ್ನುವವರಿಗೆ, ಹಯಲುರಾನಿಕ್ ಬಿಟ್ಟು ಬೇರೆಯದನ್ನು ನಾನು ಹೇಳುವುದಿಲ್ಲ.

ಬಿಸಿಲು_ಗೌರಿಬಿದನೂರು:

ಮೇಡಂ, ಹಯಲುರಾನಿಕ್‌ನಲ್ಲೇ ಒಂದೊಂದು ಕಂಪನಿಯದು ಐದಾರು ಹೆಸರಲ್ಲಿ ಬರುತ್ತೆ. ವಾಲ್ಬೆಲ್ಲಾ, ವಾಲಿಫ್ಟ್, ವಾಲ್ಯೂಮಾ. ಬೆಲೆ ಹೆಚ್ಚಿದ್ದಷ್ಟೂ ಒಳ್ಳೇದಾ?

ಚರ್ಮವೈದ್ಯೆ_ತುಮಕೂರು:

ಇಲ್ಲ. ಒಂದೊಂದೂ ಒಂದೊಂದು ಜಾಗಕ್ಕೆ ಮಾಡಿದ್ದು. ಜುವಿಡರ್ಮ್ ಎಂಬ ಬ್ರ್ಯಾಂಡಿನ ಸಾಲಿನಲ್ಲಿ ವಾಲ್ಬೆಲ್ಲಾದಲ್ಲಿ ಎಂ.ಎಲ್.ಗೆ 15 ಮಿಲಿಗ್ರಾಂ ಹಯಲುರಾನಿಕ್, ವಾಲಿಫ್ಟ್‌ನಲ್ಲಿ 17.5, ವಾಲ್ಯೂಮಾದಲ್ಲಿ 20. ಆದರೆ ಮಿಲಿಗ್ರಾಂ ನೋಡಿ ಮಾತ್ರ ತೀರ್ಮಾನ ಮಾಡೋಕಾಗದು. ಜೆಲ್ ಒತ್ತಿದರೆ ಎಷ್ಟು ತಡೆಯುತ್ತದೆ, ಒಳಗೆ ಹೋದಮೇಲೆ ಎಷ್ಟು ನೀರು ಎಳೆದು ಉಬ್ಬುತ್ತದೆ, ಸ್ನಾಯು ಆಡಿದಾಗ ಹರಡಿಕೊಳ್ಳುತ್ತದೋ ಗುಡ್ಡೆಯಾಗಿ ನಿಲ್ಲುತ್ತದೋ, ಇವೆಲ್ಲ ಕೊಂಡಿ ಎಷ್ಟು ಬಿಗಿ ಅನ್ನುವುದರ ಮೇಲೆ ನಿಂತಿವೆ.

ಕೆನ್ನೆಯ ಮೂಳೆ, ಗದ್ದಕ್ಕೆ ಎತ್ತಿ ಹಿಡಿಯುವ ಗಟ್ಟಿ ಜೆಲ್ ಬೇಕು, ಅದನ್ನು ಮೂಳೆಗೆ ತಾಗಿದಂತೆ ಆಳದಲ್ಲಿ ಇಡಬೇಕು. ಅದೇ ಜೆಲ್ಲನ್ನು ತುಟಿಗೆ ಹಾಕಿದರೆ ನಗುವಾಗ ಗಟ್ಟಿ ಗಟ್ಟಿ ಕಾಣುತ್ತದೆ. ತುಟಿಗೆ ಮೆತ್ತನೆಯದು, ಜೊತೆಯಲ್ಲಿ ಹಿಗ್ಗಿ ಕುಗ್ಗುವಂಥದು. ಕಣ್ಣಿನ ಕೆಳಗೆ ನೀರು ಎಳೆಯುವುದು ಕಡಿಮೆ ಇರುವಂಥದು, ಇಲ್ಲವಾದರೆ ಬೆಳಿಗ್ಗೆ ಎದ್ದಾಗ ಚೀಲ ಕಟ್ಟಿಕೊಂಡ ಹಾಗೆ ಊದಿರುತ್ತದೆ.

ಮೂಗು ಬಾಯಿಯ ನಡುವಿನ ಗೆರೆಯ ಬಗ್ಗೆ ಒಂದು ಮಾತು. ಆ ಗೆರೆ ಹೆಚ್ಚಿನವರಲ್ಲಿ ಮೇಲಿನ ಕೆನ್ನೆ ಜಾರಿದ್ದರಿಂದ ಆದದ್ದು. ಗೆರೆಗೇ ಸಿರಿಂಜ್‌ಗಟ್ಟಲೆ ತುಂಬಿದರೆ ಬಾಯಿಯ ಸುತ್ತ ಮುಖ ದಪ್ಪಗಾಗಿ ಮಂಗನ ಮೂತಿಯಂತೆ ಆಗುತ್ತದೆ. ಮೊದಲು ಕೆನ್ನೆಗೆ ಎರಡೂ ಕಡೆ ಸೇರಿ 1ರಿಂದ 2 ಎಂ.ಎಲ್. ಆಧಾರ ಕೊಟ್ಟು ಎರಡು ವಾರ ಬಿಟ್ಟು ನೋಡಬೇಕು. ಗೆರೆ ಇನ್ನೂ ಉಳಿದಿದ್ದರೆ ಸ್ವಲ್ಪ ಹಾಕಿದರೆ ಸಾಕು. 1 ಎಂ.ಎಲ್. ಅಂದರೆ ಟೀ ಚಮಚದ ಐದನೇ ಒಂದು ಭಾಗ. ಅಷ್ಟರಲ್ಲಿ ಪೂರ್ತಿ ಮುಖ ಮಾಡಿಕೊಡುತ್ತೇವೆ ಅನ್ನುವವರ ಮಾತು ನಂಬಬೇಡಿ. ತುಟಿಗೆ ಮೊದಲ ಸಲ ಅರ್ಧ ಎಂ.ಎಲ್. ಸಾಕು, 1ಕ್ಕಿಂತ ಮೇಲೆ ಬೇಡ.

ಹಣೆಯ ಅಡ್ಡಗೆರೆ, ಕಣ್ಣಿನ ಪಕ್ಕದ ಸುಕ್ಕಿಗೆ ಫಿಲ್ಲರ್ ಕೇಳಿಕೊಂಡು ಬರುವವರಿದ್ದಾರೆ. ಅವು ಸ್ನಾಯುವಿನ ಎಳೆತದಿಂದ ಬರುವ ಗೆರೆಗಳು, ಅಲ್ಲಿಗೆ ಸ್ನಾಯು ಸಡಿಲಿಸುವ ಬೊಟಾಕ್ಸ್. ಇನ್ನು ಪ್ರೊಫೈಲೋ ಥರದ ತೆಳು ಹಯಲುರಾನಿಕ್ ಚುಚ್ಚುಮದ್ದುಗಳು ಚರ್ಮಕ್ಕೆ ತೇವ ಕೊಡುತ್ತವೆ ಅಷ್ಟೇ, ಕುಳಿ ತುಂಬುವುದಿಲ್ಲ.

ಓದುಗಿ_ಶಿರಾ:

ಕಣ್ಣಿನ ಕೆಳಗಿನ ಕಪ್ಪು?

ಚರ್ಮವೈದ್ಯೆ_ತುಮಕೂರು:

ಅದು ಕುಳಿಯ ನೆರಳೋ, ಚರ್ಮದ ಬಣ್ಣವೋ ಅಂತ ಮನೆಯಲ್ಲೇ ನೋಡಿಕೊಳ್ಳಬಹುದು. ಕಿಟಕಿಯ ಎದುರು ಕನ್ನಡಿ ಹಿಡಿದು ನಿಲ್ಲಿ. ಬೆಳಕು ನೇರವಾಗಿ ಕಣ್ಣಿನ ಕೆಳಗೆ ಬೀಳುವ ಹಾಗೆ ಗದ್ದ ಮೇಲೆತ್ತಿ. ಕಪ್ಪು ಮಾಯವಾದರೆ ಅದು ಕುಳಿಯ ನೆರಳು. ಗದ್ದ ಎತ್ತಿದರೂ ಹಾಗೇ ಇದ್ದರೆ, ಬೆರಳಿನಿಂದ ಕೆಳರೆಪ್ಪೆಯ ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆಯಿರಿ. ಬಣ್ಣ ಚರ್ಮದ ಜೊತೆಯಲ್ಲೇ ಸರಿದು ಹಾಗೇ ಕಂದಾಗಿ ಉಳಿದರೆ ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್. ಎಳೆದಾಗ ನೇರಳೆ ಛಾಯೆ ಇನ್ನೂ ಎದ್ದು ಕಂಡರೆ ತೆಳು ಚರ್ಮದ ಹಿಂದಿನ ರಕ್ತನಾಳ.

ನಮ್ಮ ಕಡೆಯವರಲ್ಲಿ ಬಣ್ಣದ್ದೇ ಹೆಚ್ಚು. ಅಲರ್ಜಿಯಿಂದ ಕಣ್ಣು ಉಜ್ಜಿ ಉಜ್ಜಿ ಆದದ್ದೂ ಇರುತ್ತದೆ. ಅದಕ್ಕೆ ಫಿಲ್ಲರ್‌ನಿಂದ ಏನೂ ಉಪಯೋಗವಿಲ್ಲ. ಕುಳಿಯೇ ಆಗಿದ್ದರೂ ಒಂದೊಂದು ಕಣ್ಣಿಗೆ 0.3ರಿಂದ 0.5 ಎಂ.ಎಲ್., ಮೂಳೆಯ ಮೇಲೆ, ಆಳದಲ್ಲಿ. ಮೇಲಕ್ಕೆ ಬಿದ್ದರೆ ಚರ್ಮದ ಅಡಿಯಲ್ಲಿ ನೀಲಿ ಛಾಯೆ ಕಾಣುತ್ತದೆ, ಬೆಳಕು ಜೆಲ್‌ನಲ್ಲಿ ಚದುರುವುದರಿಂದ. ಹಾಗಾದರೆ ಕರಗಿಸುವುದೇ ದಾರಿ, ಮೇಲೆ ಇನ್ನಷ್ಟು ಹಾಕಿ ಮುಚ್ಚುವುದಲ್ಲ. ಮೊದಲೇ ಕೆಳರೆಪ್ಪೆಯಲ್ಲಿ ಚೀಲ ಇದ್ದವರು, ಬೆಳಿಗ್ಗೆ ಮುಖ ಊದುವವರು ಈ ಜಾಗ ಬಿಟ್ಟುಬಿಡುವುದು ವಾಸಿ.

ಔಷಧಕಪಾಟು_ಕೋಲಾರ:

ಡಾಕ್ಟ್ರು ವಿಧ ಹೇಳಿದ್ರು, ನಾನು ಡಬ್ಬಿ ಬಗ್ಗೆ ಹೇಳ್ತೀನಿ. ಯಾಕಂದ್ರೆ ಮೋಸ ನಡೆಯೋದು ಅಲ್ಲೇ.

ಡಬ್ಬಿ ನಿಮ್ಮ ಕಣ್ಣೆದುರು ಸೀಲ್ ಒಡೆದು ತೆಗೀಬೇಕು. ಮೊದಲೇ ಸಿರಿಂಜಿಗೆ ತುಂಬಿ ತಟ್ಟೇಲಿ ಇಟ್ಟಿದ್ರೆ ಎದ್ದು ಬನ್ನಿ. ಡಬ್ಬಿ ಮೇಲೆ ತಯಾರಕರ ಹೆಸರು, ಲಾಟ್ ನಂಬರ್ (ಯಾವ ಕಂತಲ್ಲಿ ತಯಾರಾದ್ದು ಅನ್ನೋ ಸಂಖ್ಯೆ), ಅವಧಿ ಮುಗಿಯೋ ತಿಂಗಳು ಇರುತ್ತೆ. ಹೊರದೇಶದ್ದಾದ್ರೆ ಇಲ್ಲಿ ತರಿಸಿದವರ ಹೆಸರು ವಿಳಾಸ, ಆಮದು ಪರವಾನಗಿ ಸಂಖ್ಯೆ ಸ್ಟಿಕ್ಕರ್ ಇರಲೇಬೇಕು. 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ಆ ಪರವಾನಗಿ ಕೊಡೋದು ಎಂ.ಡಿ. 15 ಅನ್ನೋ ನಮೂನೇಲಿ. ಬ್ಯಾಗಲ್ಲಿ ಹಾಕ್ಕೊಂಡು ವಿದೇಶದಿಂದ ತಂದ ಮಾಲಿಗೆ ಆ ಸ್ಟಿಕ್ಕರ್ ಇರಲ್ಲ. ಡಬ್ಬಿ ಒಳಗೆ ಲಾಟ್ ನಂಬರಿನ ಅಂಟು ಚೀಟಿ ಬರುತ್ತೆ. ಒಂದು ಕ್ಲಿನಿಕ್ಕಿನ ಫೈಲಿಗೆ, ಒಂದು ನಿಮಗೆ. ಕೇಳಿ ಈಸ್ಕೊಳ್ಳಿ. ಐದು ವರ್ಷ ಆದ್ಮೇಲೆ ಗಂಟು ಬಂದ್ರೆ ಒಳಗೆ ಏನಿದೆ ಅಂತ ಹೇಳೋದು ಆ ಚೀಟಿನೇ.

ಆನ್‌ಲೈನಲ್ಲಿ "ಕಾಸ್ಮೆಟಿಕ್" ಅಂತ ಬರೆದ ಆಂಪ್ಯೂಲ್ ಸಿಗುತ್ತೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಪ್ರಕಾರ ಕಾಂತಿವರ್ಧಕ ಅಂದ್ರೆ ಮೈಮೇಲೆ ಹಚ್ಚೋದು, ಸುರಿಯೋದು, ಚಿಮುಕಿಸೋದು. ಚುಚ್ಚೋದು ಅದರೊಳಗೆ ಬರಲ್ಲ. ಹಾಗೆ ಬರೆದಿರೋದನ್ನ ಯಾರೂ ಚುಚ್ಚಬಾರದು, ಪಾರ್ಲರ್‌ನಲ್ಲಂತೂ ಮೊದಲೇ ಬೇಡ. ಸೂಜಿ ಇಲ್ಲದೆ ಒತ್ತಡದಲ್ಲಿ ಒಳಗೆ ಹೊಡೆಯೋ ಪೆನ್ ಇದೆಯಲ್ಲ, ಅದರ ವಿರುದ್ಧ ಎಫ್.ಡಿ.ಎ. 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಎಷ್ಟು ಆಳ ಹೋಯ್ತು, ಎಲ್ಲಿ ಹೋಯ್ತು ಅನ್ನೋ ಹಿಡಿತವೇ ಇರಲ್ಲ.

ಇನ್ನೊಂದು, ಸಾಮಾನ್ಯವಾಗಿ ಈ ಜೆಲ್‌ಗಳನ್ನ 25 ಡಿಗ್ರಿ ಮೀರದಂತೆ ಇಡಬೇಕು, ಫ್ರೀಜ್ ಕೂಡ ಆಗಬಾರದು. ಏಪ್ರಿಲ್ ಬಿಸಿಲಲ್ಲಿ ನಮ್ಮ ಕೋಲಾರದಲ್ಲಿ 35 ದಾಟುತ್ತೆ. ಬಸ್ಸಲ್ಲಿ ಪಾರ್ಸಲ್ ಹಾಕಿ ತರಿಸಿದ್ದು ಯಾವ ಸ್ಥಿತೀಲಿ ಇರುತ್ತೋ ಯಾರಿಗೆ ಗೊತ್ತು. ಎಲ್ಲಿ ಇಟ್ಟಿದ್ರಿ ಅಂತ ಕೇಳೋಕೆ ಸಂಕೋಚ ಬೇಡ.

ಸುಜಿ_ಮಾಲೂರು:

ಅಣ್ಣಾ, ಒಂದು ಸಿರಿಂಜ್ ತಗೊಂಡು ಅಕ್ಕ ತಂಗಿ ಇಬ್ಬರೂ ಹಂಚಿಕೊಂಡರೆ? ಸೂಜಿ ಬೇರೆ ಬೇರೆ ಹಾಕುತ್ತಾರಂತೆ.

ಔಷಧಕಪಾಟು_ಕೋಲಾರ:

ಬೇಡಮ್ಮ. ಸೂಜಿ ಬದಲಾಯಿಸಿದ್ರೂ ಒತ್ತಿದ ಮೇಲೆ ಸಿರಿಂಜಿನ ಬಾಯಿಗೆ ರಕ್ತ ಹಿಂದಕ್ಕೆ ಬಂದಿರಬಹುದು. ಹೆಪಟೈಟಿಸ್ ಬಿ, ಸಿ, ಎಚ್.ಐ.ವಿ. ಎಲ್ಲ ಹಾಗೇ ದಾಟೋದು. ಒಂದು ಸಿರಿಂಜ್ ಒಬ್ಬರಿಗೇ. ಉಳಿದ 0.4 ಎಂ.ಎಲ್. ಫ್ರಿಜ್ಜಲ್ಲಿ ಇಟ್ಟು ಮುಂದಿನ ತಿಂಗಳು ಹಾಕ್ತೀವಿ ಅಂದ್ರೂ ಒಪ್ಪಬೇಡಿ, ತೆರೆದ ಮೇಲೆ ಅದು ಸ್ಟೆರೈಲ್ ಅಲ್ಲ.

ದರ ಕೇಳ್ತಿದ್ದವರಿಗೆ: ಹೆಸರಾಂತ ಕಂಪನಿ ಹಯಲುರಾನಿಕ್ 1 ಎಂ.ಎಲ್. ಹಾಕೋಕೆ ಡಾಕ್ಟರ ಶುಲ್ಕ ಸೇರಿ ಸುಮಾರು 20,000ದಿಂದ 35,000 ರೂಪಾಯಿ. ಬರೀ ಅಂದದ ಚಿಕಿತ್ಸೆಗೆ ಜಿ.ಎಸ್.ಟಿ. ಬೀಳುತ್ತೆ, ಆರೋಗ್ಯ ವಿಮೆ ಬರಲ್ಲ. ಬಿಲ್ಲಲ್ಲಿ ಬ್ರ್ಯಾಂಡ್, ಎಷ್ಟು ಎಂ.ಎಲ್., ಲಾಟ್ ನಂಬರ್ ಬರೆಸಿಕೊಳ್ಳಿ.

ದಂತವೈದ್ಯ_ಚಿಂತಾಮಣಿ:

ನಮ್ಮ ಜಿಲ್ಲೆಗಳಿಗೇ ಸಂಬಂಧಪಟ್ಟ ಒಂದು ವಿಷಯ ಸೇರಿಸುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಹಲ್ಲಿನ ಮೇಲೆ ಕಂದು ಕಲೆ ಇರುವವರು ಬಹಳ. ನಗು ಚೆನ್ನಾಗಿ ಕಾಣಲಿ ಅಂತ ಅದೇ ತಿಂಗಳಲ್ಲಿ ಹಲ್ಲಿಗೆ ವಿನಿಯರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ), ತುಟಿಗೆ ಫಿಲ್ಲರ್ ಎರಡನ್ನೂ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಹಲ್ಲು ಸ್ವಚ್ಛ ಮಾಡುವಾಗ, ವಿನಿಯರ್‌ಗೆ ಹಲ್ಲು ತೇಯುವಾಗ, ಬೇರಿನ ಚಿಕಿತ್ಸೆ ಮಾಡುವಾಗ ಬಾಯಿಯ ಬ್ಯಾಕ್ಟೀರಿಯಾ ಸ್ವಲ್ಪ ಹೊತ್ತು ರಕ್ತಕ್ಕೆ ಸೇರುತ್ತದೆ. ಹೊಸ ಜೆಲ್ ಮೇಲೆ ಅದು ಪಾಚಿಯಂತೆ ಪೊರೆ ಕಟ್ಟಿ ಕೂತರೆ ತಿಂಗಳುಗಳ ಮೇಲೆ ನೋವಿನ ಗಂಟಾಗಿ ಏಳುತ್ತದೆ.

ಹಲ್ಲಿನ ಕೆಲಸ ಪೂರ್ತಿ ಮುಗಿಸಿ. ಎರಡು ವಾರ ಬಿಡಿ. ಆಮೇಲೆ ಫಿಲ್ಲರ್. ಫಿಲ್ಲರ್ ಆದ ಮೇಲೂ ಎರಡು ವಾರ ಹಲ್ಲಿನ ಕುರ್ಚಿಗೆ ಬರಬೇಡಿ. ತಡೆಯಲಾಗದ ಹಲ್ಲುನೋವಾದರೆ ಬನ್ನಿ, ಆದರೆ ಫಿಲ್ಲರ್ ವಿಷಯ ಮೊದಲೇ ಹೇಳಿ. ವಿನಿಯರ್ ಹಾಕಿದ ಮೇಲೆ ತುಟಿ ಕೂರುವ ರೀತಿಯೇ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಆ ಕಾರಣಕ್ಕೂ ಹಲ್ಲೇ ಮೊದಲು.

ತುಟಿಯ ಮೇಲೆ ಆಗಾಗ ಹರ್ಪಿಸ್ ನೀರುಗುಳ್ಳೆ ಏಳುವವರು ಮುಂಚೆ ಹೇಳಿದರೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿಸಿಕೊಂಡು ಬರಬಹುದು.

ಸಿಸ್ಟರ್_ಸರ್ಜರಿವಾರ್ಡ್:

ಕೂತ ದಿನ ಏನೇನು ನಡೆಯಬೇಕು ಅಂತ ನಾನು ಬರೀತೀನಿ, ಇದರಲ್ಲಿ ಯಾವುದಾದರೂ ತಪ್ಪಿದರೆ ನೀವೇ ಕೇಳಬಹುದು.

ಮುಖದ ಮೇಕಪ್ ಪೂರ್ತಿ ತೆಗೆದು ನಾಲ್ಕೈದು ಕೋನದಿಂದ ಫೋಟೊ. ಕೂತ ಸ್ಥಿತಿಯಲ್ಲೇ ಗುರುತು ಹಾಕಬೇಕು, ಮಲಗಿದರೆ ಕೆನ್ನೆ ಹಿಂದಕ್ಕೆ ಸರಿದು ಕುಳಿಯೇ ಕಾಣಲ್ಲ. ಮರಗಟ್ಟಿಸುವ ಕ್ರೀಮ್ ಹಚ್ಚಿ 30ರಿಂದ 45 ನಿಮಿಷ. ಬಹಳ ಸಿರಿಂಜ್‌ಗಳಲ್ಲಿ ಶೇ. 0.3 ಲಿಡೊಕೇನ್ ಎಂಬ ಮರಗಟ್ಟಿಸುವ ಮದ್ದು ಮೊದಲೇ ಸೇರಿರುತ್ತೆ, ಅದಕ್ಕೆ ಅಲರ್ಜಿ ಇದ್ದರೆ ಈ ಹೊತ್ತಿಗಾದರೂ ಹೇಳಿ. ಆಮೇಲೆ ಮುಖ ಸೋಂಕುನಿವಾರಕದಿಂದ ಒರೆಸಬೇಕು. ಕಣ್ಣಿನ ಹತ್ತಿರ ಕ್ಲೋರ್‌ಹೆಕ್ಸಿಡಿನ್ ಬಳಸಬಾರದು, ಒಳಗೆ ಹೋದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆ, ಅಂದರೆ ಕಾರ್ನಿಯಾ, ಕೆಡುತ್ತೆ.

ಸೂಜಿಯೋ ಕ್ಯಾನುಲಾನೋ ಅನ್ನೋದು ಜಾಗದ ಮೇಲೆ. ಕ್ಯಾನುಲಾ ಅಂದರೆ ತುದಿ ಮೊಂಡಾದ, ಪಕ್ಕದಲ್ಲಿ ತೂತಿರುವ ಉದ್ದ ಕೊಳವೆ. ರಕ್ತನಾಳವನ್ನು ತಳ್ಳಿ ಪಕ್ಕದಲ್ಲಿ ಹೋಗುತ್ತೆ, ಚುಚ್ಚೋದು ಕಡಿಮೆ, ನೀಲಿಗಟ್ಟೋದೂ ಕಡಿಮೆ. 25 ಗೇಜ್ ಅಥವಾ ಅದಕ್ಕಿಂತ ದಪ್ಪ, ಅಂದರೆ 22, ಇರಬೇಕು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಕೊಳವೆ ಸಣ್ಣ. 27ರ ಕ್ಯಾನುಲಾ ಸೂಜಿಯಂತೆಯೇ ನಾಳದೊಳಗೆ ತೂರಬಲ್ಲದು. ಒಂದು ಜಾಗದಲ್ಲಿ 0.1 ಎಂ.ಎಲ್.ಗಿಂತ ಕಡಿಮೆ, ನಿಧಾನಕ್ಕೆ, ತುದಿ ಸರಿಸುತ್ತ ಬಿಡಬೇಕು. ಹಿಂದಕ್ಕೆ ಎಳೆದು ರಕ್ತ ಬರಲಿಲ್ಲ ಅನ್ನೋದೊಂದೇ ಧೈರ್ಯ ಸಾಲದು, ಮಂದ ಜೆಲ್ ತುಂಬಿದ ಸಣ್ಣ ಸೂಜಿಯಲ್ಲಿ ರಕ್ತ ಬರದೆಯೂ ಇರಬಹುದು.

ಮುಗಿದ ಮೇಲೆ ತುಟಿಯ ಊತ ಒಂದೆರಡು ದಿನ ಏರಿ ಆಮೇಲೆ ಇಳಿಯುತ್ತೆ. ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಇಡಬಹುದು. ಎರಡು ರಾತ್ರಿ ತಲೆದಿಂಬು ಎತ್ತರ. ಒಂದೆರಡು ದಿನ ಜಿಮ್, ಹೊಲದ ಭಾರದ ಕೆಲಸ, ಮದ್ಯ ಬೇಡ. ಕೆನ್ನೆಗೆ ಹಾಕಿಸಿಕೊಂಡವರು ಬಿಗಿ ಫುಲ್ ಹೆಲ್ಮೆಟ್ ಹಾಕಿ ಸ್ಕೂಟರಲ್ಲಿ ವಾಪಸ್ ಬರೋದು ಬೇಡ, ಒಳಗಿನ ಸ್ಪಂಜು ಸರಿಯಾಗಿ ಕೆನ್ನೆಯ ಮೇಲೇ ಒತ್ತುತ್ತೆ. ಹೆಲ್ಮೆಟ್ ಬಿಟ್ಟು ಗಾಡಿ ಓಡಿಸಬೇಡಿ, ಬಸ್ಸಿಗೋ ರೈಲಿಗೋ ಬನ್ನಿ. ಎರಡು ವಾರ ಫೇಶಿಯಲ್, ಬ್ಲೀಚ್, ಥ್ರೆಡಿಂಗ್ ಬಿಡಿ. ಚುಚ್ಚಿದ ಜಾಗದಲ್ಲಿ ನಮ್ಮ ಚರ್ಮಕ್ಕೆ ಕಪ್ಪು ಚುಕ್ಕೆ ಉಳಿಯೋ ಸ್ವಭಾವ ಇದೆ, ಸನ್‌ಸ್ಕ್ರೀನ್ ತಪ್ಪಿಸಬೇಡಿ.

ಮುಂಚಿನ ವಾರ ಮೀನೆಣ್ಣೆ, ವಿಟಮಿನ್ ಇ, ಐಬುಪ್ರೊಫೇನ್ ಬಿಟ್ಟರೆ ನೀಲಿಗಟ್ಟೋದು ಕಡಿಮೆ. ಹೃದಯಕ್ಕೆ ಅಂತ ಕೊಟ್ಟ ಆಸ್ಪಿರಿನ್ ಮಾತ್ರ ಕೊಟ್ಟ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಗರ್ಭಿಣಿಯರು, ಎದೆಹಾಲು ಕೊಡುವವರು, ಮುಖದ ಮೇಲೆ ಕೀವುಗುಳ್ಳೆ ಇರುವವರು ಮುಂದೂಡಿ.

ಬಿಸಿಲು_ಗೌರಿಬಿದನೂರು:

ಮದುವೆ ಇದ್ದರೆ ಎಷ್ಟು ದಿನ ಮುಂಚೆ?

ಸಿಸ್ಟರ್_ಸರ್ಜರಿವಾರ್ಡ್:

ಆರು ವಾರ ಮುಂಚೆ. ಅರಿಶಿನ ಶಾಸ್ತ್ರದ ದಿನ ಊರವರೆಲ್ಲ ಕೆನ್ನೆಗೆ ಒತ್ತಿ ಒತ್ತಿ ಹಚ್ಚುತ್ತಾರಲ್ಲ, ಆ ಹೊತ್ತಿಗೆ ಜೆಲ್ ಕೂತು, ಹೆಚ್ಚು ಕಡಿಮೆ ಸರಿಪಡಿಸಿ ಆಗಿರಬೇಕು.

ಓದುಗಿ_ಶಿರಾ:

ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ಶಿರಾಗೆ ಬಂದುಬಿಡಬಹುದು ಅಂತಾರೆ. ಹೌದಾ?

ನೇತ್ರತಜ್ಞ_ತಮಕ:

ನಾನು ಫಿಲ್ಲರ್ ಹಾಕುವವನಲ್ಲ, ಆದರೆ ಫಿಲ್ಲರ್ ರಕ್ತನಾಳಕ್ಕೆ ಹೋದಾಗ ಕಣ್ಣಿನ ವಿಭಾಗಕ್ಕೇ ಬರಬೇಕಾಗುತ್ತದೆ. ಹಾಗಾಗಿ ಈ ಪ್ರಶ್ನೆಗೆ ವಿವರವಾಗಿ ಉತ್ತರಿಸುತ್ತೇನೆ.

ಜೆಲ್ ಧಮನಿಯೊಳಗೆ ಬಿದ್ದರೆ ಆ ನಾಳ ಸಾಕುವ ಚರ್ಮಕ್ಕೆ ರಕ್ತ ನಿಲ್ಲುತ್ತದೆ. ಮೂಗು, ಹುಬ್ಬಿನ ನಡುವಿನ ಜಾಗ, ಹಣೆ, ಮೂಗಿನ ಪಕ್ಕದ ಗೆರೆಯ ಮೇಲ್ತುದಿ, ಇವೆಲ್ಲ ಅಪಾಯದ ತಾಣ, ಯಾಕೆಂದರೆ ಇಲ್ಲಿಯ ನಾಳಗಳು ಕಣ್ಣಿನ ಧಮನಿಯ ಕೊಂಬೆಗಳ ಜೊತೆ ಕೂಡುತ್ತವೆ. ಒತ್ತಡದಲ್ಲಿ ಹಿಂದಕ್ಕೆ ಸಾಗಿದ ಜೆಲ್ ಕಣ್ಣಿನ ಹಿಂಪರದೆಯಾದ ರೆಟಿನಾದ ಧಮನಿ ಮುಚ್ಚಬಹುದು. ಚುಚ್ಚುತ್ತಿರುವಾಗಲೇ ಅಥವಾ ಮರುಗಳಿಗೆಯಲ್ಲೇ ಕಣ್ಣು ಕತ್ತಲೆಯಾಗುವುದು, ಕಣ್ಣಿನ ತೀವ್ರ ನೋವು, ರೆಪ್ಪೆ ಜೋಲುವುದು, ಎರಡೆರಡು ಕಾಣುವುದು, ವಾಂತಿ ಇವು ಲಕ್ಷಣ. ರಕ್ತವಿಲ್ಲದೆ ರೆಟಿನಾ ತಡೆಯುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಹೋದ ದೃಷ್ಟಿ ಬಹುಪಾಲು ಮರಳುವುದಿಲ್ಲ. ಇದು ಅಪರೂಪ, ಆದರೂ ಮೂಗಿನ ಫಿಲ್ಲರ್ ಬೇಕೆನ್ನುವವರಿಗೆ ನನ್ನ ಸಲಹೆ, ಬಿಟ್ಟುಬಿಡಿ.

ಚರ್ಮದ ನಾಳ ಮುಚ್ಚಿದರೆ ಸ್ವಲ್ಪ ಸಮಯ ಸಿಗುತ್ತದೆ, ಗುರುತಿಸಬೇಕು ಅಷ್ಟೇ. ಊತ, ನೀಲಿಗಟ್ಟಿದ್ದು ಮುಟ್ಟಿದರೆ ಮಾತ್ರ ನೋಯುತ್ತದೆ, ದಿನ ಕಳೆದಂತೆ ಕಡಿಮೆಯಾಗುತ್ತದೆ. ನಾಳ ಮುಚ್ಚಿದ ನೋವು ಏರುತ್ತ ಹೋಗುತ್ತದೆ. ಲಿಡೊಕೇನ್ ಇರುವುದರಿಂದ ಮೊದಲ ಕೆಲವು ಗಂಟೆ ನೋವೇ ತಿಳಿಯದಿರಬಹುದು. ಮನೆ ಸೇರಿ ಮರಗಟ್ಟಿದ್ದು ಇಳಿದಾಗ ಶುರುವಾಗುತ್ತದೆ. ಮೊದಲು ಚರ್ಮ ಬಿಳಿಚುತ್ತದೆ, ಆಮೇಲೆ ಬಲೆ ಹೆಣೆದಂತೆ ಕಂದು ನೇರಳೆ ಗೆರೆ, ಎರಡು ಮೂರು ದಿನಕ್ಕೆ ಸಣ್ಣ ಕೀವುಗುಳ್ಳೆ. ಆ ಗುಳ್ಳೆಯನ್ನು ಮೊಡವೆ ಅಂದುಕೊಂಡು ಕ್ರೀಮ್ ಹಚ್ಚಿ ಕೂತವರಿಗೆ ಚರ್ಮ ಕೊಳೆತು ಕಲೆ ಉಳಿಯುತ್ತದೆ.

ಪರೀಕ್ಷೆ ಹೀಗೆ. ಅನುಮಾನದ ಜಾಗವನ್ನು ಬೆರಳಿನಿಂದ ಕೆಲವು ಸೆಕೆಂಡ್ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು, ಮೂರು ದಾಟಿದರೆ ಸರಿಯಿಲ್ಲ. ಕಪ್ಪು ಚರ್ಮದಲ್ಲಿ ಬಿಳಿಚುವುದು ಕಾಣುವುದು ಕಷ್ಟ, ಹಾಗಾಗಿ ಮುಖದ ಇನ್ನೊಂದು ಪಕ್ಕದ ಅದೇ ಜಾಗವನ್ನೂ ಒತ್ತಿ ಹೋಲಿಸಿ. ತುಟಿಗೆ ಹಾಕಿದ್ದರೆ ತುಟಿ ಮಗುಚಿ ಒಳಗಿನ ಕೆಂಪು ನೋಡಿ, ವಸಡಿನ ಬಣ್ಣವನ್ನೂ ನೋಡಿ.

ಮದ್ದು ಹಯಲುರಾನಿಡೇಸ್ ಹೆಚ್ಚಿನ ಪ್ರಮಾಣದಲ್ಲಿ. ಒಂದು ಸಣ್ಣ ಜಾಗಕ್ಕೆ ಸುಮಾರು 500 ಯೂನಿಟ್‌ನಿಂದ ಶುರು, ಜಾಗ ದೊಡ್ಡದಾದರೆ 1,000, 1,500. ಬಣ್ಣ ಮರಳುವವರೆಗೆ ಗಂಟೆಗೊಮ್ಮೆ ಮತ್ತೆ. ನಮ್ಮಲ್ಲಿ 1,500 ಯೂನಿಟ್‌ನ ವಯಲ್ (ಮದ್ದಿನ ಸಣ್ಣ ಸೀಸೆ) ಸಿಗುತ್ತದೆ, ಒಂದೇ ಇದ್ದರೆ ಸಾಲದು. ಹಾಕುವ ಕ್ಲಿನಿಕ್ಕಿನಲ್ಲೇ ನಾಲ್ಕೈದು ವಯಲ್ ಇವೆಯೇ ಅಂತ ಕೇಳಿ, ಅವಧಿ ನೋಡಿ. ಜೊತೆಗೆ ಬಿಸಿ ಬಟ್ಟೆಯ ಕಾವು. ಐಸ್ ಇಡಬೇಡಿ, ನಾಳ ಇನ್ನೂ ಕುಗ್ಗುತ್ತದೆ.

ಸಂಜೆಯೇ ವಾಪಸ್ ಬರುವುದರ ಬಗ್ಗೆ: ಮೊದಲ ರಾತ್ರಿ ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಇದ್ದು ಮರುದಿನ ಬೆಳಿಗ್ಗೆ ತೋರಿಸಿಕೊಂಡು ಹೊರಡಿ. ಆಗದಿದ್ದರೆ ರಾತ್ರಿ ಹನ್ನೊಂದಕ್ಕೂ ಎತ್ತುವ ಡಾಕ್ಟರ ನಂಬರ್ ಇರಬೇಕು, ರಿಸೆಪ್ಷನ್‌ನದ್ದಲ್ಲ. ತುಮಕೂರಿನ ಸಿದ್ಧಾರ್ಥ ಮೆಡಿಕಲ್ ಕಾಲೇಜು, ಕೋಲಾರದ ತಮಕದ ದೇವರಾಜ ಅರಸು ಮೆಡಿಕಲ್ ಕಾಲೇಜು ಎರಡರಲ್ಲೂ ಚರ್ಮ ಮತ್ತು ಕಣ್ಣಿನ ವಿಭಾಗಗಳಿವೆ. ಕಣ್ಣಿನ ಆಪರೇಷನ್‌ಗೆ ಕೊಡುವ ಮರಗಟ್ಟಿಸುವ ಮದ್ದಿನ ಜೊತೆ ಹಯಲುರಾನಿಡೇಸ್ ಬೆರೆಸುವುದು ರೂಢಿ. ಊರಿನ ಚರ್ಮವೈದ್ಯರ ಹತ್ತಿರ ಇಲ್ಲದಿದ್ದರೆ ಕಣ್ಣಿನ ಆಸ್ಪತ್ರೆಯಲ್ಲಿ ಕೇಳಿ. ಹೋಗುವ ಮುಂಚೆಯೇ ಫೋನ್ ಮಾಡಿ ವಿಚಾರಿಸಿಟ್ಟುಕೊಂಡರೆ ಆ ರಾತ್ರಿ ಅಲೆಯುವುದು ತಪ್ಪುತ್ತದೆ.

ಕ್ಯಾಲ್ಸಿಯಂ ಅಥವಾ ಪಾಲಿ ಲ್ಯಾಕ್ಟಿಕ್ ಆಗಿದ್ದರೆ ಈ ವಯಲ್ ಅದನ್ನು ಕರಗಿಸುವುದಿಲ್ಲ. ಡಾಕ್ಟರ್ ಮೇಡಂ ಮೇಲೆ ಬಾಳಿಕೆ ನೋಡಬೇಡಿ ಅಂದದ್ದು ಇದಕ್ಕೇ.

ಚರ್ಮವೈದ್ಯೆ_ತುಮಕೂರು:

ಸರ್ ಹೇಳಿದ್ದಕ್ಕೆ ಒಂದು ಸೇರಿಕೆ. ಜೇನುನೊಣ, ಕಣಜ ಕಚ್ಚಿ ಉಸಿರುಗಟ್ಟಿದ, ಮೈ ಪೂರ್ತಿ ಊದಿದ ಇತಿಹಾಸ ಇರುವವರು ಮೊದಲೇ ಹೇಳಬೇಕು. ಆ ವಿಷದಲ್ಲಿ ಹಯಲುರಾನಿಡೇಸ್ ಇರುತ್ತದೆ, ಕರಗಿಸುವ ಚುಚ್ಚುಮದ್ದಿಗೂ ಅಲರ್ಜಿ ಆಗಬಹುದು. ಬರೀ ಆಕಾರ ತಿದ್ದಲು ಕರಗಿಸುವಾಗ ಕೈಗೆ ಸ್ವಲ್ಪ ಚುಚ್ಚಿ ಪರೀಕ್ಷಿಸಿ ಹಾಕುತ್ತಾರೆ. ನಾಳ ಮುಚ್ಚಿದ ತುರ್ತಿನಲ್ಲಿ ಪರೀಕ್ಷೆಗೆ ಕಾಯುವುದಿಲ್ಲ, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಕೊಡುತ್ತಾರೆ.

ಡಾಕ್ಟರರ ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ನೋಡಿ. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯ ಸ್ನಾತಕೋತ್ತರ ಪದವಿ ಇರಲಿ. ಕ್ಲಿನಿಕ್‌ಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತೆ ಹಾಕಿರಬೇಕು.

ಸುಜಿ_ಮಾಲೂರು:

ಮೊದಲೇ ಎಲ್ಲೋ ಏನೋ ಹಾಕಿಸಿಕೊಂಡು, ಅದು ಯಾವುದು ಅಂತ ಗೊತ್ತಿಲ್ಲದವರು ಏನು ಮಾಡಬೇಕು ಮೇಡಂ?

ಚರ್ಮವೈದ್ಯೆ_ತುಮಕೂರು:

ಅದರ ಮೇಲೆ ಹೊಸದನ್ನು ಹಾಕಿಸಬಾರದು. ಹಾಕಿದವರಿಂದ ಲಾಟ್ ಚೀಟಿ, ಬಿಲ್ ಕೇಳಿ ನೋಡಿ. ಸಿಗದಿದ್ದರೆ ಚರ್ಮಕ್ಕೆ ಮಾಡುವ ಹೈ ಫ್ರೀಕ್ವೆನ್ಸಿ ಅಲ್ಟ್ರಾಸೌಂಡ್ ಮಾಡಿಸಿ, 15 ಮೆಗಾಹರ್ಟ್ಸ್‌ಗಿಂತ ಮೇಲಿನ ಪ್ರೋಬ್ ಇರುವ ಕಡೆ. ಹಯಲುರಾನಿಕ್ ಆದರೆ ಕಪ್ಪು ಗುಳ್ಳೆಗಳಂತೆ ಕಾಣುತ್ತದೆ, ಸಿಲಿಕೋನ್ ಎಣ್ಣೆಯಾದರೆ ಬಿಳಿ ಹಿಮ ಸುರಿದಂತೆ, ಕ್ಯಾಲ್ಸಿಯಂ ಆದರೆ ಹೊಳೆಯುವ ಪಟ್ಟಿ, ಅದರ ಹಿಂದೆ ನೆರಳು. ಕ್ಯಾಲ್ಸಿಯಂ ಸಿ.ಟಿ.ಯಲ್ಲೂ ಬಿಳಿಯಾಗಿ ಕಾಣುತ್ತದೆ, ಹಾಗಾಗಿ ಹಲ್ಲಿಗೋ ಸೈನಸ್‌ಗೋ ಸ್ಕ್ಯಾನ್ ಮಾಡಿಸುವಾಗಲೂ ಫಿಲ್ಲರ್ ವಿಷಯ ಹೇಳಿ. ಗಂಟು ಕೆಂಪಾಗಿ, ಬಿಸಿಯಾಗಿ, ನೋಯುತ್ತಿದ್ದರೆ ಮೊದಲು ಆ್ಯಂಟಿಬಯೋಟಿಕ್, ಆಮೇಲೆ ಕರಗಿಸುವ ವಿಚಾರ. ಸೋಂಕು ಇರುವಾಗ ಬರೀ ಕಿಣ್ವ ಚುಚ್ಚಿದರೆ ಅಕ್ಕಪಕ್ಕಕ್ಕೆ ಹರಡಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಊತ ಇಳಿದು, ಗಂಟು ಹೋಗಿ, ಕನಿಷ್ಠ ಕೆಲವು ವಾರ ಸುಮ್ಮನಿದ್ದ ಮೇಲೆಯೇ ಹೊಸ ಫಿಲ್ಲರ್ ಮಾತು.